ಕಡಲದಂಡೆಯಲ್ಲಿ ಮದುವೆ: ಲಗ್ನದ ಹೊತ್ತಿಗಿಂತ ಖಾಲಿ ಹೊತ್ತಿನ ಚಿಂತೆ ಮಾಡಿ

ಅಕ್ಕನ ಮಗಳು ಗೋಕರ್ಣದ ಹತ್ತಿರದ ಒಂದು ಬೀಚ್ ರೆಸಾರ್ಟಿನಲ್ಲೇ ಮದುವೆ ಆಗಬೇಕೆಂದು ಪಟ್ಟು ಹಿಡಿದಳು. ಹುಡುಗನೂ ಅದಕ್ಕೆ ದನಿಗೂಡಿಸಿದ. ದಾವಣಗೆರೆಯ ನಮ್ಮ ಮನೆಯಲ್ಲಿ ಚರ್ಚೆಯೆಲ್ಲ ಖರ್ಚು, ಊಟ, ಪುರೋಹಿತರು ಅಷ್ಟು ದೂರ ಬರುತ್ತಾರೋ ಇಲ್ಲವೋ ಎಂಬುದರ ಸುತ್ತಲೇ ನಡೆಯಿತು. ಅಕ್ಕ ಮಾತ್ರ ಒಂದೇ ಒಂದು ಮಾತು ಕೇಳಿದಳು: "ನಮ್ಮ ಕಡೆಯವರಲ್ಲಿ ಈಜು ಬರೋರು ಎಷ್ಟು ಜನ?" ಭದ್ರಾ ಕಾಲುವೆಯಲ್ಲಿ ಕೈಕಾಲು ಬಡಿದು ಕಲಿತವರು ಕೆಲವರಿದ್ದರು. ಅಲೆಯಲ್ಲಿ ಈಜಿದವರು ಯಾರೂ ಇರಲಿಲ್ಲ. ಸೋದರಮಾವ ಎನ್ನುವ ಕಾರಣಕ್ಕೆ ಓಡಾಟದ ಹೊಣೆ ನನ್ನ ಹೆಗಲಿಗೆ ಬಿತ್ತು. ಇಂಥದೇ ಮದುವೆಗೆ ತಯಾರಿ ನಡೆಸುತ್ತಿರುವವರಿಗೆ ಕೆಲಸಕ್ಕೆ ಬರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದು. ಲಗ್ನದ ಹೊತ್ತಿಗೆ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ರೇಷ್ಮೆ ಸೀರೆ, ಪಂಚೆ ಉಟ್ಟು, ಅಕ್ಷತೆ ಹಿಡಿದು ಎಲ್ಲರೂ ಮಂಟಪದ ಮುಂದೆಯೇ ಇರುತ್ತಾರೆ. ಅಪಾಯ ಇರುವುದು ಎರಡು ಕಾರ್ಯಕ್ರಮಗಳ ನಡುವಿನ ಖಾಲಿ ಹೊತ್ತಿನಲ್ಲಿ. ಹಿಂದಿನ ದಿನ ಮಧ್ಯಾಹ್ನ ಬಂದಿಳಿದು ಕೋಣೆ ಸಿಗುವವರೆಗೆ, ಅರಿಶಿನ ಶಾಸ್ತ್ರ ಮುಗಿದು ಸಂಗೀತ್ ಶುರುವಾಗುವ ಮುಂಚೆ, ರಾತ್ರಿ ಊಟ ಆದ ಮೇಲೆ, ಮರುದಿನ ಮದುವೆ ಊಟ ಮುಗಿದು ಬಸ್ಸು ಹೊರಡುವ ತನಕ. ಈ ಹೊತ್ತುಗಳಿಗೆ ಯಜಮಾನರೇ ಇರುವುದಿಲ್ಲ. ಹಿರಿಯರು ದಣಿದು ಮಲಗಿರುತ್ತಾರೆ, ಮನೆಯವರು ಮುಂದಿನ ಶಾಸ್ತ್ರದ ಗಡಿಬಿಡಿಯಲ್ಲಿರುತ್ತಾರೆ, ಹುಡುಗರು ಹೇಳದೆ ಕೇಳದೆ ನೀರಿಗೆ ಹೊರಟಿರುತ್ತಾರೆ. ಈವೆಂಟ್ ಮ್ಯಾನೇಜರ್ ಕೊಡುವ ಪಟ್ಟಿಯಲ್ಲಿ ಹೂವಿನ ಬಣ್ಣದವರೆಗೆ ಎಲ್ಲವೂ ಇರುತ್ತದೆ, ಈ ಹೊತ್ತುಗಳು ಮಾತ್ರ ಇರುವುದಿಲ್ಲ.

ದಿನ ಗೊತ್ತುಮಾಡುವಾಗಲೇ ಅರ್ಧ ಸುರಕ್ಷತೆ ತೀರ್ಮಾನವಾಗಿಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಾತೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಗಿದ್ದು ಎಲ್ಲರಿಗೂ ನೆನಪಿರಬೇಕು. ಆದರೆ ಮಳೆಗಾಲ ಬಿಟ್ಟರೆ ಎಲ್ಲ ಕ್ಷೇಮ ಎಂದುಕೊಳ್ಳಬೇಡಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಮಳೆಗಾಲದ ಎರಡು ಅಂಚುಗಳಲ್ಲಿ. ತೌಕ್ತೆ ಬಂದಿದ್ದು 2021ರ ಮೇ ತಿಂಗಳಲ್ಲಿ, ಕ್ಯಾರ್ 2019ರ ಅಕ್ಟೋಬರ್‌ನಲ್ಲಿ, ಫಿಯಾನ್ 2009ರ ನವೆಂಬರ್‌ನಲ್ಲಿ. ಮೇ ತಿಂಗಳ ಲಗ್ನ ಇಟ್ಟುಕೊಳ್ಳುವವರು ದಂಡೆಯ ಮಂಟಪದ ಜೊತೆಗೆ ಸೂರಿನಡಿಯ ಹಾಲ್ ಒಂದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ನವೆಂಬರ್ ಕೊನೆಯಿಂದ ಧನುರ್ಮಾಸ ಶುರುವಾಗುವವರೆಗೆ, ಆಮೇಲೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಅದರಲ್ಲೂ ಗೋಕರ್ಣವಾದರೆ ಶಿವರಾತ್ರಿಯ ಆಜುಬಾಜು ಬೇಡ. ಮಹಾಬಲೇಶ್ವರನ ತೇರಿಗೆ ಬರುವ ಜನಸಾಗರದಲ್ಲಿ ಆಂಬುಲೆನ್ಸ್ ಇರಲಿ, ವರನ ಕಾರೂ ಊರೊಳಗೆ ನುಗ್ಗಲಾರದು.

ರೆಸಾರ್ಟ್ ನೋಡಲು ಹೋದಾಗ ಮ್ಯಾನೇಜರ್ ಲಾನ್, ಬ್ಯಾಂಕ್ವೆಟ್ ಹಾಲ್, ಸೂರ್ಯಾಸ್ತ ಕಾಣುವ ಡೆಕ್ ಎಲ್ಲ ತೋರಿಸಿದರು. ಅವರನ್ನು ಅಲ್ಲೇ ಬಿಟ್ಟು ನಾನೂ ಅಕ್ಕನ ಮಗನೂ ದಂಡೆಗಿಳಿದೆವು. ಸೀಟಿ ಕೊರಳಿಗೆ ಹಾಕಿಕೊಂಡಿದ್ದ ಲೈಫ್‌ಗಾರ್ಡ್ ಒಬ್ಬರು ಸಿಕ್ಕರು. ಅಲ್ಲಿಯದೇ ಮೀನುಗಾರರ ಮನೆಯವರು. ಮದುವೆ ವಿಷಯ ಹೇಳಿದ್ದೇ ತಡ, "ನೀವು ಘಟ್ಟದ ಮೇಲಿನವರು. ಈಗ ನೀರಿಗೆ ಹೋಗೂದಾದ್ರೆ ಎಲ್ಲಿ ಇಳೀತೀರಿ, ತೋರಿಸಿ" ಅಂದರು. ದಂಡೆಯುದ್ದಕ್ಕೂ ಅಲೆ ಬಿಳಿ ನೊರೆ ಕಕ್ಕುತ್ತಿತ್ತು. ಬಂಡೆಗಳ ಪಕ್ಕ ಒಂದು ಕಡೆ ಮಾತ್ರ ನೊರೆಯೇ ಇಲ್ಲದೆ, ಸ್ವಲ್ಪ ಕಪ್ಪಗೆ, ತಣ್ಣಗೆ ಇತ್ತು. ಅಕ್ಕನ ಮಗ ಅದನ್ನೇ ತೋರಿಸಿದ. ಅವರು ನಗಲಿಲ್ಲ. ಕಾಲ ಬಳಿ ಬಿದ್ದಿದ್ದ ಒಣ ತೆಂಗಿನ ಸಿಪ್ಪೆ ಎರಡು ಎತ್ತಿಕೊಂಡರು. ಒಂದನ್ನು ನೊರೆಯೊಳಗೆ ಎಸೆದರು. ಅದು ಉರುಳುತ್ತ ಮರಳಿಗೆ ಬಂದು ಬಿತ್ತು. ಇನ್ನೊಂದನ್ನು ಬಂಡೆಯ ಮೇಲೆ ನಿಂತು ಆ ತಣ್ಣನೆ ನೀರಿಗೆ ಹಾಕಿದರು. ಅದು ತಿರುಗಿಯೂ ನೋಡದೆ ನೆಟ್ಟಗೆ ಕಡಲ ಕಡೆ ಹೊರಟಿತು. ಮಾತಾಡುತ್ತ ನಿಂತಿದ್ದಂತೆ ಅಲೆಗಳಾಚೆ ಒಂದು ಚುಕ್ಕೆಯಾಯಿತು. "ಅಲೆ ತಂದ ನೀರು ವಾಪಸ್ ಹೋಗೂಕೆ ದಾರಿ ಬೇಕಲ್ಲ ಮಾರಾಯ್ರೆ, ಅದೇ ದಾರಿ ಇದು. ಹೊರಗಿಂದ ಬಂದವರಿಗೆ ಇದೇ ಚಂದ ಕಾಣ್ತದೆ."

ಆ ಸೆಳೆತಕ್ಕೆ ಸಿಕ್ಕವರು ಸಾಯುವುದು ದಡದ ಕಡೆಗೇ ಈಜಲು ಹೋಗಿ, ಸುಸ್ತಾಗಿ. ಎದುರು ಈಜಬಾರದು. ತೇಲುತ್ತ ಕೈ ಎತ್ತಿ ಕೂಗಬೇಕು, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಇನ್ನೊಂದು ಮಾತು, ಉಳಿಸಲು ಹೋದವರೇ ಎಷ್ಟೋ ಸಲ ಮೊದಲು ಮುಳುಗುತ್ತಾರೆ. ಈಜು ಬಾರದ ಅಣ್ಣ ತಮ್ಮನ ಹಿಂದೆ ಹಾರುತ್ತಾನೆ. ಹಾರಬಾರದು, ಟ್ಯೂಬೋ ಹಗ್ಗವೋ ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನೋ ಎಸೆಯಬೇಕು. ಇದನ್ನೆಲ್ಲ ಮದುವೆಗೆ ಬಂದವರಿಗೆ ಭಾಷಣ ಮಾಡಿ ಹೇಳಲು ಆಗುವುದಿಲ್ಲ. ನಾವು ವಾಟ್ಸಾಪ್ ಗುಂಪಿನಲ್ಲಿ ಆ ತೆಂಗಿನ ಸಿಪ್ಪೆಯ ವಿಡಿಯೋ ಹಾಕಿದೆವು. ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

"ಮೊಣಕಾಲು ನೀರಲ್ಲಿ ಏನಾಗುತ್ತೆ" ಎನ್ನುವವರು ಪ್ರತಿ ಬಳಗದಲ್ಲೂ ಇರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಮೇಲೆ ಕೆಲವು ದಿನ ಅಲ್ಲಿ ಕಡಲಿಗಿಳಿಯುವುದನ್ನೇ ನಿಷೇಧಿಸಿದ್ದರು. ಅದು ಮಳೆಗಾಲವಲ್ಲ, ಪ್ರವಾಸದ ಹಂಗಾಮು.

ಇನ್ನು ಭರತ, ಇಳಿತ. ಇದಕ್ಕೆ ನಮ್ಮ ಪಂಚಾಂಗವೇ ಸಾಕಷ್ಟು ಹೇಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಈ ಹೊತ್ತು ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಂದರೆ ನೀವು ಎರಡು ತಿಂಗಳ ಮುಂಚೆ ನೋಡಿದ ಅಗಲವಾದ ದಂಡೆ ಮದುವೆಯ ಸಂಜೆ ಅಷ್ಟೇ ಅಗಲ ಇರುತ್ತದೆ ಎಂಬ ಖಾತ್ರಿ ಇಲ್ಲ. ಲಗ್ನಪತ್ರಿಕೆ ಬರೆಸುವಾಗಲೇ ಆ ದಿನದ ಭರತದ ಹೊತ್ತನ್ನು ಭರತ-ಇಳಿತದ ತಖ್ತೆಯಲ್ಲಿ ನೋಡಿಟ್ಟುಕೊಳ್ಳಿ, ಮೊಬೈಲಿನಲ್ಲೂ ಸಿಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಮದುವೆಯ ವಾರದಲ್ಲಿ ದಿನಾ ಗಮನಿಸಿ. ಆಕಾಶ ಶುಭ್ರವಾಗಿದ್ದರೂ ಎಲ್ಲೋ ದೂರದ ಸಾಗರದಲ್ಲಿ ಎದ್ದ ಅಲೆ ನಮ್ಮ ದಂಡೆಗೆ ಬಂದು ಅಪ್ಪಳಿಸುವುದುಂಟು. ಮಂಟಪ ಎಲ್ಲಿ ಹಾಕಬೇಕು ಎನ್ನುವುದಕ್ಕೆ ಮರಳೇ ಗುರುತು ಬರೆದಿಟ್ಟಿರುತ್ತದೆ. ಒಣ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ಹಿಂದಿನ ಭರತ ಬಂದು ನಿಂತ ಜಾಗ. ಅದಕ್ಕಿಂತ ಸಾಕಷ್ಟು ಮೇಲೆ ಇರಲಿ.

ನಾವಂತೂ ಮಂಟಪವನ್ನು ದಂಡೆಯಲ್ಲಿ ಹಾಕಿಸಲೇ ಇಲ್ಲ, ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಹಾಕಿಸಿದೆವು. ಮದುಮಗಳಿಗೆ ಸ್ವಲ್ಪ ಬೇಜಾರಾಯಿತು. ದಂಡೆ ಬೇಡ ಎನ್ನಲು ಕಾರಣ ಗಾಳಿ. ಕರಾವಳಿಯಲ್ಲಿ ಬೆಳಗಿನ ಜಾವದಿಂದ ಎಂಟೊಂಬತ್ತರವರೆಗೆ ಗಾಳಿ ಶಾಂತವಾಗಿರುತ್ತದೆ. ಬಿಸಿಲೇರಿದಂತೆ ಕಡಲ ಕಡೆಯಿಂದ ಬೀಸಲು ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ. ಹನ್ನೊಂದರ ಮೇಲಿನ ಲಗ್ನಕ್ಕೆ ದಂಡೆಯ ಮೇಲೆ ಹೋಮಾಗ್ನಿ ಇಟ್ಟರೆ ಕಿಡಿ ಹಾರುವುದು ಪರದೆಯ ಕಡೆಗೇ. ಈಗಿನ ಮಂಟಪಗಳೋ ಪಾಲಿಯೆಸ್ಟರ್ ಬಟ್ಟೆ, ಥರ್ಮೋಕೋಲ್, ಒಣಗರಿಗಳ ಸಂತೆ. ಬೆಳಗಿನ ಲಗ್ನ ಸಿಕ್ಕರೆ ಬಿಡಬೇಡಿ. ಅಗ್ನಿಕುಂಡ ಇಟ್ಟಿಗೆಯದಾಗಿರಲಿ, ನಾಲ್ಕು ಬಕೆಟ್ ಮರಳು, ಒಂದು ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಲಿ. ಅರಿಶಿನ ಶಾಸ್ತ್ರದ ಫೋಟೋಕ್ಕೆಂದು ಹೈಡ್ರೋಜನ್ ತುಂಬಿದ ಬಲೂನುಗಳ ಗೊಂಚಲು ತರುತ್ತಾರಲ್ಲ, ಅದನ್ನು ಖಡಾಖಂಡಿತವಾಗಿ ಬೇಡ ಎನ್ನಿ. ಒಂದು ಕಿಡಿ ತಾಗಿದರೆ ಮುಖ ಸುಟ್ಟುಹೋಗುತ್ತದೆ.

ವಿದ್ಯುತ್ತಿನದು ಬೆಂಕಿಗಿಂತ ಮೋಸದ ಅಪಾಯ. ಸಂಗೀತ್ ಸಂಜೆಗೆಂದು ದಂಡೆಯವರೆಗೆ ಲೈಟಿನ ಸರ ಎಳೆದಿದ್ದರು. ಕೇಬಲ್ಲಿನ ಜೋಡಣೆಯೊಂದಕ್ಕೆ ಬರೀ ಟೇಪು ಸುತ್ತಿ ಒದ್ದೆ ಮರಳಿನ ಮೇಲೆ ಬಿಟ್ಟಿದ್ದು ನಮ್ಮ ಭಾವನ ಕಣ್ಣಿಗೆ ಬಿತ್ತು. ಅವರು ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉಪ್ಪುನೀರಿನ ಮರಳು, ಮೇಲೆ ಬರಿಗಾಲಲ್ಲಿ ಕುಣಿಯುವ ಜನ. ಭಾವ ಅಲ್ಲೇ ಕೂತು ಜನರೇಟರ್ ಆಫ್ ಮಾಡಿಸಿದರು. ಕೇಬಲ್ಲುಗಳನ್ನು ಮರದ ಹಲಗೆ, ಕಂಬಗಳ ಮೇಲೆ ಎತ್ತಿಸಿ, ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ, ಅರ್ಥಿಂಗ್ ನೋಡಿದ ಮೇಲೆಯೇ ಮತ್ತೆ ಆನ್ ಮಾಡಲು ಬಿಟ್ಟಿದ್ದು. ಕಾರ್ಯಕ್ರಮ ಮುಕ್ಕಾಲು ಗಂಟೆ ತಡವಾಯಿತು, ಡಿಜೆ ಹುಡುಗ ಗೊಣಗಿದ. ನಿಮ್ಮ ಬಳಗದಲ್ಲಿ ಇಂಥ ಭಾವ ಇಲ್ಲದಿದ್ದರೆ ಒಬ್ಬ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟು ಒಂದು ಸುತ್ತು ತೋರಿಸಿ. ಅಂದಹಾಗೆ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಅದು ಒಳ್ಳೆಯದೇ, ಬೇಗ ಮಲಗುತ್ತಾರೆ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡುವ ದಂಡೆಗಳಲ್ಲಿ ಜೋರು ಬೆಳಕೂ ಸಲ್ಲದು.

ಕೋಣೆಗಳ ವಿಷಯದಲ್ಲಿ ಒಂದೇ ಒಂದು ಗಟ್ಟಿ ಎಚ್ಚರಿಕೆ. ರೆಸಾರ್ಟಿನಲ್ಲಿ ಜಾಗ ಸಾಲದೆ ಪಕ್ಕದ ಹೋಂಸ್ಟೇಗಳಲ್ಲಿ ನೆಂಟರನ್ನು ಇಳಿಸುವುದು ಸಾಮಾನ್ಯ. ಅಲ್ಲಿ ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಇದೆಯಾ ನೋಡಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ನಾವು ಅಂಥ ಒಂದು ಮನೆಯನ್ನು ಬಿಟ್ಟು ಬೇರೆ ಹುಡುಕಿದೆವು. ಈಜುಕೊಳದ ಆಳ ಎಷ್ಟು, ರಾತ್ರಿ ಬೇಲಿ ಹಾಕುತ್ತಾರೋ ಇಲ್ಲವೋ ಕೇಳಿ. ಚಿಕ್ಕ ಮಕ್ಕಳಿಗೆ ಕಡಲಿಗಿಂತ ಕೊಳವೇ ಹತ್ತಿರದ ಗಂಡಾಂತರ. ಓಂ ಬೀಚ್, ಕುಡ್ಲೆ ಕಡೆಯ ಎಷ್ಟೋ ವಸತಿಗಳು ಗುಡ್ಡದ ಮೇಲಿವೆ, ದಂಡೆಗೆ ಮೆಟ್ಟಿಲಿಳಿಯಬೇಕು. ಮಂಡಿನೋವಿನ ಅಜ್ಜಿಯರಿಗೆ ಕೆಳಗಿನ ಕೋಣೆಗಳನ್ನು ಮೊದಲೇ ಹೆಸರು ಹಾಕಿ ಕಾದಿರಿಸಿ. ಒಡವೆಯ ಬಗ್ಗೆ ಹೇಳುವುದಾದರೆ, ಕಡಲದಂಡೆ ಯಾವ ರೆಸಾರ್ಟಿನ ಸ್ವತ್ತೂ ಅಲ್ಲ, ಯಾರು ಬೇಕಾದರೂ ಓಡಾಡಬಹುದು. ತಾಳಿ ಮತ್ತು ಮದುಮಗಳು ಹಾಕುವಷ್ಟು ಬಿಟ್ಟು ಉಳಿದದ್ದು ಊರಿನ ಬ್ಯಾಂಕ್ ಲಾಕರಿನಲ್ಲೇ ಇರಲಿ.

ಊಟದ್ದು ದೊಡ್ಡ ತಲೆನೋವಾಗಲಿಲ್ಲ. ಕುಮಟಾ ಕಡೆಯ ಅಡುಗೆಯವರು ಶುಚಿಯಾಗಿ ಮಾಡಿಕೊಟ್ಟರು. ಸೆಕೆಯಲ್ಲಿ ಮಧ್ಯಾಹ್ನದ ಮೊಸರನ್ನ, ತೆಂಗಿನಕಾಯಿ ಪಲ್ಯ ರಾತ್ರಿಗೆ ಉಳಿಸಬೇಡಿ, ಹೊರಗಿನ ಐಸು ತರಿಸಬೇಡಿ, ಒಆರ್‌ಎಸ್ ಪೊಟ್ಟಣ ಧಾರಾಳವಾಗಿ ಇಟ್ಟುಕೊಳ್ಳಿ. ಅಷ್ಟು ಸಾಕು.

ಆಸ್ಪತ್ರೆಯ ಮಾತಿಗೆ ಬಂದರೆ ಉತ್ತರ ಕನ್ನಡದವರು ವರ್ಷಗಳಿಂದ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೇಡಿಕೆ ಇಡುತ್ತಲೇ ಬಂದಿದ್ದಾರೆ. ಆ ಕೊರತೆ ಹೃದಯಾಘಾತವಾದ ನಿಮ್ಮ ಚಿಕ್ಕಪ್ಪನನ್ನೂ ತಟ್ಟುತ್ತದೆ. ಗೋಕರ್ಣದಿಂದ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 60 ಕಿ.ಮೀ., ಕುಮಟಾ ತಾಲ್ಲೂಕು ಆಸ್ಪತ್ರೆಗೆ ಅದರ ಅರ್ಧ. ಗಂಭೀರವಾದರೆ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕು. ಮಣಿಪಾಲ 150 ಕಿ.ಮೀ.ಗಿಂತ ದೂರ. ಹಾಗಾಗಿ 108ರ ಮೇಲೆ ಮಾತ್ರ ಭಾರ ಹಾಕದೆ ಕುಮಟಾದಿಂದ ಆಮ್ಲಜನಕ ಇರುವ ಒಂದು ಖಾಸಗಿ ಆಂಬುಲೆನ್ಸನ್ನು ಹಿಂದಿನ ದಿನ ಮಧ್ಯಾಹ್ನದಿಂದ ಬಸ್ಸು ಹೊರಡುವವರೆಗೆ ಗೇಟಿನ ಬಳಿ ನಿಲ್ಲಿಸಿಕೊಂಡೆವು. ಬೀಗರ ಕಡೆಯ ಒಬ್ಬ ಹಿರಿಯರಿಗೆ ಸಕ್ಕರೆ ಇಳಿದು ತಲೆ ತಿರುಗಿದಾಗ ಅದೇ ಉಪಯೋಗಕ್ಕೆ ಬಂತು. ಪೊಲೀಸ್ ನೆರವಿಗೆ 112, ಕಡಲಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೋಸ್ಟ್ ಗಾರ್ಡಿನ 1554. ಈ ನಂಬರುಗಳನ್ನು ಕೋಣೆಯ ಕೀಲಿಯ ಜೊತೆಗೆ ಚೀಟಿಯಲ್ಲಿ ಕೊಡಿ. ನೀರಿನಿಂದ ಎತ್ತಿದವರ ಹೊಟ್ಟೆ ಅದುಮುವುದು, ತಲೆಕೆಳಗೆ ಮಾಡುವುದು ನಮ್ಮಲ್ಲಿ ರೂಢಿ. ಅದರಿಂದ ಹೊತ್ತು ಹಾಳು, ಅಪಾಯವೂ ಹೌದು. ಉಸಿರಾಟ ನಿಂತಿದ್ದರೆ ತಡಮಾಡದೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತಲು ಶುರುಮಾಡಬೇಕು. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಎರಡೂ ಕಡೆಯಿಂದ ಒಬ್ಬೊಬ್ಬರಾದರೂ ಇದನ್ನು ಕಲಿತಿರಲಿ. ನಮ್ಮ ಅದೃಷ್ಟಕ್ಕೆ ಹುಡುಗನ ಅತ್ತಿಗೆ ನರ್ಸ್.

ಫೋಟೋದವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಬಂಡೆಯ ಮೇಲೆ ಮದುಮಕ್ಕಳನ್ನು ನಿಲ್ಲಿಸಿ, ಹಿಂದೆ ಅಲೆ ಚಿಮ್ಮುವಾಗ ಕ್ಲಿಕ್ ಮಾಡುವುದು ಅವರ ಮೆಚ್ಚಿನ ಚಿತ್ರ. ಬಂಡೆ ಪಾಚಿಗಟ್ಟಿರುತ್ತದೆ, ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಬರುವುದುಂಟು. ನೆನೆದ ಕಾಂಜೀವರಂ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಏಳಲಾರಳು. ಫೋಟೋ ಒಣ ಮರಳಿನಲ್ಲಿ, ಲೈಫ್‌ಗಾರ್ಡ್ ಎದುರಿಗಿರುವಾಗ ಮಾತ್ರ ಎಂದು ಷರತ್ತು ಹಾಕಿದೆವು. ಡ್ರೋನ್ ಹಾರಿಸುವವರು ಜಾಗದ ನಿಯಮ ನೋಡಿಕೊಳ್ಳಬೇಕು. ಕಾರವಾರದ ಕಡೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಅದರ ಸುತ್ತ ಹಾರಿಸಿದರೆ ಮದುವೆ ಮನೆಗೆ ಪೊಲೀಸರು ಬರುತ್ತಾರೆ.

ಈಗ ಆ ಖಾಲಿ ಹೊತ್ತುಗಳ ಸಂಗತಿ. "ಸಮುದ್ರಕ್ಕೆ ಹೋಗಬೇಡಿ" ಎಂದರೆ ಯಾರೂ ಕೇಳುವುದಿಲ್ಲ. ಕಡಲು ನೋಡಲೆಂದೇ ಬಂದಿರುತ್ತಾರೆ. ಅದಕ್ಕೆ ನಾವು ಹೋಗುವುದನ್ನೇ ಕಾರ್ಯಕ್ರಮ ಮಾಡಿದೆವು. ಮೊದಲ ದಿನ ಸಂಜೆ ನಾಲ್ಕರಿಂದ ಐದೂವರೆ 'ಕಡಲ ಹೊತ್ತು' ಎಂದು ಪಟ್ಟಿಯಲ್ಲೇ ಅಚ್ಚು ಹಾಕಿಸಿದೆವು. ರೆಸಾರ್ಟಿನ ಒಬ್ಬ ಲೈಫ್‌ಗಾರ್ಡ್ ಸಾಲದೆಂದು ಊರಿನ ಇನ್ನಿಬ್ಬರು ಈಜುಗಾರರನ್ನು ದಿನಗೂಲಿಗೆ ಗೊತ್ತುಮಾಡಿ, ಅವರು ಹೇಳಿದ ಜಾಗದಲ್ಲಿ ಎರಡು ಬಾವುಟ ನೆಡಿಸಿದೆವು. ಅವುಗಳ ನಡುವೆ ಮಾತ್ರ, ಸೊಂಟದ ಆಳದವರೆಗೆ ಮಾತ್ರ. ರೆಸಾರ್ಟಿನಲ್ಲಿದ್ದ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಮಕ್ಕಳಿಗೆ ಹಾಕಿದರೆ ತಲೆಯ ಮೇಲಿಂದ ಜಾರಿಹೋಗುತ್ತಿದ್ದವು. ಮಕ್ಕಳ ಅಳತೆಯವನ್ನು ಹುಬ್ಬಳ್ಳಿಯಿಂದ ತರಿಸಿದೆವು. ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆಗೆ ಹೊತ್ತು ಮುಳುಗುತ್ತದೆ, ಕತ್ತಲೆ ಬೇಗ ಕವಿಯುತ್ತದೆ. ಐದೂವರೆಗೆ ಸೀಟಿ ಊದಿ ಎಲ್ಲರನ್ನೂ ಮೇಲೆ ಕರೆದು, ಬಿಸಿ ಬಿಸಿ ಮಿರ್ಚಿ, ಮಂಡಕ್ಕಿ, ಚಹಾ ಹುಲ್ಲುಹಾಸಿನ ಮೇಲೆ ಇಟ್ಟಿದ್ದೆವು. ದಾವಣಗೆರೆಯವರನ್ನು ನೀರಿನಿಂದ ಎಬ್ಬಿಸಲು ಅದಕ್ಕಿಂತ ಬಲವಾದ ಹಗ್ಗ ಇಲ್ಲ.

ರಾತ್ರಿಯದು ಕಷ್ಟ. ಹುಡುಗನ ಸ್ನೇಹಿತರು ಕುಡಿಯುತ್ತಾರೆ ಎನ್ನುವುದನ್ನು ಕಾಣದಂತೆ ನಟಿಸುವುದರಲ್ಲಿ ಅರ್ಥವಿಲ್ಲ. ಮದ್ಯ ಕೊಡುವುದಾದರೆ ದಂಡೆಯಿಂದ ದೂರದ, ಬಾಗಿಲಿರುವ ಜಾಗದಲ್ಲಿ, ಅಬಕಾರಿ ಪರವಾನಗಿ ಪಡೆದು, ಗೊತ್ತಾದ ಸಮಯಕ್ಕೆ ನಿಲ್ಲಿಸುವಂತೆ ಕೊಡಿ. ದಂಡೆಗೆ ಇಳಿಯುವ ಗೇಟಿಗೆ ಏಳು ಗಂಟೆಗೇ ಬೀಗ ಹಾಕಿಸಿ ಒಬ್ಬ ಕಾವಲುಗಾರನನ್ನು ಕೂರಿಸಿದೆವು. ನಡುರಾತ್ರಿ ಮೂವರು ಹುಡುಗರು "ಐದೇ ನಿಮಿಷ ಅಣ್ಣಾ" ಅಂತ ಅವನ ಹತ್ತಿರ ಗೋಗರೆಯುತ್ತಿದ್ದರಂತೆ. ಅವನು ಕೀಲಿ ತನ್ನ ಹತ್ತಿರ ಇಲ್ಲ, ಮದುಮಗಳ ಸೋದರಮಾವನ ಹತ್ತಿರ ಇದೆ ಎಂದನಂತೆ. ಕೀಲಿ ನಿಜಕ್ಕೂ ನನ್ನ ದಿಂಬಿನ ಕೆಳಗಿತ್ತು. ಯಾರೂ ಎಬ್ಬಿಸಲು ಬರಲಿಲ್ಲ.

ಕೊನೆಯದು ದಾರಿ. ಬೆಂಗಳೂರಿನ ಬೀಗರು ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಬೆಳಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದರು. ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ., ಗಾಡಿ ಮೊದಲೇ ಹೇಳಿಡಿ. ರೈಲು ಸಿಕ್ಕರೆ ಬಸ್ಸು ಬೇಡ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆಯವರಿಗೆ ಬಸ್ಸೇ ಗತಿ, ಅಂದರೆ ಘಟ್ಟ ಇಳಿಯಲೇಬೇಕು. ಶಿರಸಿ, ಕುಮಟಾ ನಡುವಿನ ದೇವಿಮನೆ ಘಟ್ಟ ರಸ್ತೆ ಕೆಲಸಕ್ಕೆಂದು ಆಗಾಗ ಮುಚ್ಚಿದ್ದುಂಟು, ಹೊರಡುವ ವಾರ ವಿಚಾರಿಸಿ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲು ದಾರಿಯಲ್ಲಿ ಲಾರಿಗಳದ್ದೇ ರಾಜ್ಯ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಬೆಳಗಿನ ಜಾವ ಕಂದಕಕ್ಕೆ ಬಿದ್ದು ಹತ್ತು ಮಂದಿ ಸತ್ತರು. ಬಸ್ಸಿಗೆ ಇಬ್ಬರು ಚಾಲಕರು ಇರಲಿ, ಅವರಿಗೆ ಮಲಗಲು ಕೋಣೆ ಕೊಡಿ. ಡ್ರೈವರನ್ನು ಬಸ್ಸಿನಲ್ಲೇ ಮಲಗಿಸಿ ಮರುದಿನ ಘಟ್ಟ ಹತ್ತಿಸುವುದು ನಮ್ಮ ಮದುವೆಗಳ ಹಳೆಯ ಕೆಟ್ಟ ಚಾಳಿ. ಮದುವೆ ಊಟವಾದ ಒಂದು ತಾಸಿಗೆಲ್ಲ ಬಸ್ಸು ಹೊರಡುವಂತೆ ಸಾಮಾನು ಬೆಳಗ್ಗೆಯೇ ಹಾಕಿಸಿಟ್ಟಿರಿ. ದಂಡೆಯಲ್ಲಿ ಇನ್ನೊಂದು ಸುತ್ತು ಎನ್ನುವವರಿಗೆ ಹೊತ್ತು ಉಳಿಯುವುದಿಲ್ಲ, ಬೆಳಕಿರುವಾಗಲೇ ಬಸ್ಸು ಘಟ್ಟ ಹತ್ತಿರುತ್ತದೆ.